ಮೊದಲು ಕಡಲು, ಆಮೇಲೆ ಕಾಡು

"ಆಫ್ರಿಕಾದಲ್ಲಿ ಸಫಾರಿ, ಜೊತೆಗೆ ಸ್ಕೂಬಾ ಡೈವಿಂಗ್, ಆಗಸ್ಟ್‌ನಲ್ಲಿ ಹೋದರೆ ಒಂದು ಲಕ್ಷದೊಳಗೆ ಮುಗಿಯುತ್ತಾ?"

ಮುಗಿಯಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಒಂದು ಲಕ್ಷ ಎನ್ನುವುದರ ಬಗ್ಗೆ ನನ್ನ ತಕರಾರಿಲ್ಲ. ದುಡ್ಡು ಎಣಿಸಿಕೊಂಡು ಊರು ಸುತ್ತುವುದು ಒಳ್ಳೆಯ ಬುದ್ಧಿ. ನಾಲ್ಕು ಜನ ಸೇರಿ, ಒಂಬತ್ತು ಹತ್ತು ದಿನಕ್ಕೆ, ವಿಮಾನವೂ ಸೇರಿ ತಲೆಗೆ ಒಂದೂವರೆಯಿಂದ ಎರಡು ಲಕ್ಷ ಇಟ್ಟುಕೊಳ್ಳಿ. ನನ್ನ ಸಿಟ್ಟು 'ಆಗಸ್ಟ್' ಎನ್ನುವುದರ ಮೇಲೆ. ಆಗಸ್ಟ್ ಎಂದವರ ಮನಸ್ಸಿನಲ್ಲಿರುವುದು ಕೀನ್ಯಾದ ಮಸಾಯಿ ಮಾರಾ ಕಾಡು, ಹೊಳೆ ದಾಟುವ ವಿಲ್ಡೆಬೀಸ್ಟ್ ಎಂಬ ಹುಲ್ಲೆಗಳ ಹಿಂಡು. ಆ ದೃಶ್ಯ ದೊಡ್ಡದೇ. ಆದರೆ 2024ರಿಂದ ಮಾರಾದಲ್ಲಿ ವಿದೇಶಿಯರ ಪ್ರವೇಶ ಶುಲ್ಕ ಜುಲೈಯಿಂದ ಡಿಸೆಂಬರ್‌ವರೆಗೆ ತಲೆಗೆ ದಿನಕ್ಕೆ 200 ಡಾಲರ್. ಅದೂ ಬೆಳಗ್ಗೆ ಆರರಿಂದ ಸಂಜೆ ಆರರ ತನಕ ಮಾತ್ರ. ಅದೇ ಹೊತ್ತಿಗೆ ಅಲ್ಲಿನ ಕರಾವಳಿಯಲ್ಲಿ 'ಕುಸಿ' ಗಾಳಿ ಬೀಸುತ್ತಿರುತ್ತದೆ. ಇದು ನಮಗೆ ಗೊತ್ತಿಲ್ಲದ ಗಾಳಿಯೇನಲ್ಲ. ಸಮಭಾಜಕ ವೃತ್ತ ದಾಟಿ ದಿಕ್ಕು ತಿರುಗಿಸಿ ನಮ್ಮ ಕರಾವಳಿಗೆ ಮುಂಗಾರಾಗಿ ಬರುವುದು ಅದೇ. ಮುಂಗಾರಿನಲ್ಲಿ ನಮ್ಮ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿ ಬಿಡುವುದಿಲ್ಲವಲ್ಲ, ಹಾಗೆಯೇ ಅಲ್ಲೂ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ನೀರು ಕದಡು. ದುಬಾರಿ ಕಾಡು, ಮಸುಕು ನೀರು ಎರಡೂ ಒಟ್ಟಿಗೆ ಸಿಗುವ ತಿಂಗಳನ್ನು ಹುಡುಕಿ ಹುಡುಕಿ ಯಾಕೆ ಆರಿಸುತ್ತೀರಿ?

ಜನವರಿ, ಫೆಬ್ರವರಿಗೆ ಹೋಗಿ. ಆಗ ಈಶಾನ್ಯದ 'ಕಸ್ಕಜಿ' ಗಾಳಿ, ತಿಳಿ ನೀರು. ಕಾಡು ಒಣಗಿ ಪ್ರಾಣಿಗಳು ನೀರಿನ ಹೊಂಡಗಳ ಸುತ್ತ ಸೇರಿರುತ್ತವೆ. ಮಾರಾ ಬಿಟ್ಟು ಕೀನ್ಯಾದ್ದೇ ಇನ್ನೊಂದು ಕಾಡು, ಪೂರ್ವ ತ್ಸಾವೊ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಕೆಂಪು ಮಣ್ಣು ಮೈಗೆ ಎರಚಿಕೊಂಡು ಕೆಂಪಾದ ಆನೆಗಳು, ಅರುಬಾ ಅಣೆಕಟ್ಟು, ಮುಡಾಂಡಾ ಬಂಡೆ, ಗಲಾನಾ ನದಿ. ಶುಲ್ಕ ಮಾರಾದ ಜುಲೈ ದರದ ಅರ್ಧಕ್ಕಿಂತ ಕಡಿಮೆ, ಟಿಕೆಟ್ಟಿಗೆ 24 ಗಂಟೆ ಆಯುಸ್ಸು. ಮುಖ್ಯವಾಗಿ, ರಾಜಧಾನಿ ನೈರೋಬಿಯಿಂದ ಕಡಲತಡಿಯ ಮೊಂಬಾಸಾಕ್ಕೆ ಹೋಗುವ ರೈಲು ಈ ಕಾಡಿನ ಬಾಗಿಲಲ್ಲಿರುವ ವೋಯ್ ಊರಿನ ಮೇಲೇ ಹೋಗುತ್ತದೆ. ಕಾಡನ್ನೂ ಕಡಲನ್ನೂ ಇಷ್ಟು ಅಗ್ಗವಾಗಿ ಜೋಡಿಸುವ ದಾರಿ ಪೂರ್ವ ಆಫ್ರಿಕಾದಲ್ಲಿ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಇಷ್ಟು ಕೇಳಿದ ಮೇಲೂ ಯಾರೂ ಕೇಳದ ಒಂದು ಪ್ರಶ್ನೆ ಇದೆ: ಯಾವುದು ಮೊದಲು? ಎಲ್ಲರೂ 'ಎಷ್ಟಾಗುತ್ತೆ' ಎಂದು ಕೇಳುತ್ತಾರೆ. ಆದರೆ ಎಷ್ಟಾಗುತ್ತದೆ ಎನ್ನುವುದೂ, ಕ್ಷೇಮವಾಗಿ ಮನೆ ಸೇರುತ್ತೀರಾ ಎನ್ನುವುದೂ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಪ್ಯಾಕೇಜ್ ಮಾರುವವರು ಮೊದಲು ಕಾಡು ತೋರಿಸಿ ಕೊನೆಗೆ ಬೀಚಿಗೆ ಬಿಡುತ್ತಾರೆ. ಮರಳಿನ ಮೇಲೆ ಮಲಗುವವರಿಗೆ ಅದು ಸರಿ, ಡೈವ್ ಮಾಡುವವರಿಗೆ ತಲೆಕೆಳಗು. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ಹೆಚ್ಚಿನ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿ ಕೂರುತ್ತದೆ. ಮೇಲೆ ಬಂದಮೇಲೆ ಅದು ನಿಧಾನವಾಗಿ ಉಸಿರಿನಲ್ಲೇ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿ ಸುತ್ತಲಿನ ಒತ್ತಡ ಇನ್ನೂ ಇಳಿದರೆ, ಗೋಲಿ ಸೋಡಾದ ಗೋಲಿ ಒತ್ತಿದಂತೆ ಒಳಗೇ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಹಿಡಿದು ಕಾಲಿನ ಸ್ವಾಧೀನ ತಪ್ಪುವವರೆಗೆ ಏನೂ ಆಗಬಹುದು. ಅದಕ್ಕೇ ಡೈವರ್‌ಗಳ ನಿಯಮ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ನಾನಾದರೆ 24 ಎನ್ನುತ್ತೇನೆ.

ಇಲ್ಲಿ ಎಡವುವುದು ರೈಲಿನಲ್ಲಿ. 'ವಿಮಾನ ತಾನೇ ಬೇಡ, ರೈಲಿನಲ್ಲಿ ಹೋಗುತ್ತೇವೆ' ಎನ್ನುತ್ತಾರೆ. ನೈರೋಬಿ ಸಮುದ್ರಮಟ್ಟದಿಂದ 1,600 ಮೀಟರಿಗೂ ಮೇಲಿದೆ. ಬೆಳಗ್ಗೆ ಡೈವ್ ಮಾಡಿ ಮಧ್ಯಾಹ್ನದ ರೈಲು ಹಿಡಿದರೆ ದೇಹದ ಲೆಕ್ಕದಲ್ಲಿ ಅದೂ ವಿಮಾನವೇ. ತಾಂಜಾನಿಯಾದಲ್ಲಿ ಜಾಂಜಿಬಾರ್ ದ್ವೀಪದ ಡೈವ್ ಮುಗಿಸಿ ಎನ್‌ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಎತ್ತರದ ಅಂಚಿಗೆ ಏರುವವರಿಗೂ ಇದೇ ಮಾತು.

ಆದ್ದರಿಂದ ಮೊದಲು ಕಡಲು. ನೈರೋಬಿಯಲ್ಲಿ ಇಳಿದು ಒಂದು ರಾತ್ರಿ ಮಲಗಿ, ಮಾರನೆಯ ದಿನ ರೈಲಿನಲ್ಲಿ ನೇರ ಮೊಂಬಾಸಾಕ್ಕೆ, ಅಲ್ಲಿಂದ ದಕ್ಷಿಣಕ್ಕೆ ಡಿಯಾನಿ ಬೀಚಿಗೆ. ರೈಲು ನಿಲ್ದಾಣ ಮೊಂಬಾಸಾ ಪೇಟೆಯಲ್ಲಿಲ್ಲ, ಊರ ಹೊರಗೆ ಮಿರಿಟಿನಿಯಲ್ಲಿದೆ. ಪೇಟೆಗೆ ಬಂದು ಲಿಕೋನಿ ಫೆರಿ ದಾಟಿ, ಆಚೆ ದಡದಲ್ಲಿ ಡಿಯಾನಿ ಪಕ್ಕದ ಉಕುಂಡಾಕ್ಕೆ ಮಟಾಟು, ಅಂದರೆ ಅಲ್ಲಿನ ಶೇರ್ ವ್ಯಾನು, ಹಿಡಿಯಿರಿ. ನಡೆದು ದಾಟುವವರಿಗೆ ಫೆರಿ ಪುಕ್ಕಟೆ. ಮೂರು ದಿನ ಡೈವ್ ಮಾಡಿ. ಕೊನೆಯ ದಿನ ಬೆಳಗಿನ ಡೈವ್ ಮಾತ್ರ ಸಾಕು, ಹನ್ನೊಂದಕ್ಕೆ ನೀರಿಂದ ಎದ್ದುಬಿಡಿ. ಮಾರನೆಯ ಬೆಳಗ್ಗೆ ಏಳಕ್ಕೆ ಹೊರಟರೆ ಆಗಲೇ 20 ಗಂಟೆ ಕಳೆದಿರುತ್ತದೆ. ವೋಯ್ ಇರುವುದು 600 ಮೀಟರಿನ ಆಸುಪಾಸಿನಲ್ಲಿ, ಅದೂ ಅನುಕೂಲವೇ. ನೈರೋಬಿಗೆ ಏರುವ ಹೊತ್ತಿಗೆ ಮೂರು ದಿನ ದಾಟಿರುತ್ತದೆ. ಸುಮ್ಮನೆ ಕೂತು ಕಾಯಲು ರೂಮು ಬಾಡಿಗೆ ಕೊಡುವ ಒಂದು ದಿನ ಉಳಿಯಿತು. ಇನ್ನೊಂದು ಲಾಭವೂ ಇದೆ. ತ್ಸಾವೊ ಧೂಳು ಕುಡಿದು ಮೂಗು ಕಟ್ಟಿದವರಿಗೆ ನೀರಿನಡಿ ಕಿವಿಯ ಒತ್ತಡ ಸರಿದೂಗಿಸಲು ಬರುವುದಿಲ್ಲ, ಡೈವಿಗೆ ಕೊಟ್ಟ ದುಡ್ಡು ನೀರುಪಾಲು. ಕಡಲು ಮೊದಲೇ ಮುಗಿದಿದ್ದರೆ ಧೂಳು ಬೇಕಾದಷ್ಟು ಕುಡಿಯಬಹುದು.

ಕಾಡಿನ ಲೆಕ್ಕ. ಜೀಪಿನ ಬಾಡಿಗೆ ದಿನಕ್ಕೆ, ವಾಹನಕ್ಕೆ. ಒಬ್ಬರಿದ್ದರೂ ಅಷ್ಟೇ, ಐವರಿದ್ದರೂ ಅಷ್ಟೇ. ಹಾಗಾಗಿ ಒಂಟಿಯಾಗಿ ಹೋಗುವವರಿಗೆ ಅಗ್ಗದ ಸಫಾರಿ ಎಂಬುದೇ ಇಲ್ಲ. ಡಿಯಾನಿಯಿಂದಲೇ ಜೀಪು ತಂದರೆ ಅದು ಖಾಲಿ ವಾಪಸಾಗುವ ಡೀಸೆಲ್ಲೂ ನಿಮ್ಮ ತಲೆಗೇ. ವೋಯ್‌ವರೆಗೆ ಬಸ್ಸು, ಅಲ್ಲಿಂದ ಜೀಪು. ಮಧ್ಯಾಹ್ನ ಒಂದಕ್ಕೆ ಗೇಟು ಹೊಕ್ಕರೆ ಎರಡು ಟಿಕೆಟ್ಟಿಗೆ ಮೂರನೆಯ ದಿನ ಮಧ್ಯಾಹ್ನ ಒಂದರವರೆಗೆ ಸಮಯ: ಎರಡು ಸಂಜೆ, ಎರಡು ಬೆಳಗು, ನಾಲ್ಕು ಸುತ್ತು. ಅದೇ ಬೆಳಗ್ಗೆ ಹತ್ತಕ್ಕೆ ಹೊಕ್ಕವರು ಉರಿಬಿಸಿಲಲ್ಲಿ ಮಲಗಿದ ಸಿಂಹದ ಬೆನ್ನು ನೋಡುತ್ತಾ ಶುಲ್ಕ ಕಳೆಯುತ್ತಾರೆ. ರಾತ್ರಿ ಒಳಗೇ ತಂಗಿ, ಎನ್‌ಡೊಲೊಲೊ ಕ್ಯಾಂಪಿನಲ್ಲಿ ಡೇರೆ ಹಾಕಿಯಾದರೂ ಸರಿ. ಟಿಕೆಟ್ ಒಂದು ಸಲದ ಪ್ರವೇಶಕ್ಕೆ. ಹೊರಗೆ ಮಲಗಿ ಮತ್ತೆ ಬಂದರೆ ಮತ್ತೆ ಶುಲ್ಕ.

ಹೊರಡುವ ಮೊದಲು ಡೈವಿಂಗ್ ಲೈಸೆನ್ಸ್ ಇಲ್ಲೇ ಮಾಡಿಸಿಕೊಳ್ಳಿ. ನೇತ್ರಾಣಿಯಲ್ಲಿ ತರಬೇತುದಾರ ಹಿಡಿದುಕೊಂಡು ಒಮ್ಮೆ ಮುಳುಗಿಸಿದ್ದು ಲೈಸೆನ್ಸ್ ಅಲ್ಲ. 18 ಮೀಟರಿನವರೆಗೆ ಇಳಿಯಲು ಬಿಡುವ ಓಪನ್ ವಾಟರ್ ಕೋರ್ಸಿಗೆ ಮೂರು ನಾಲ್ಕು ದಿನ ಬೇಕು. ಆ ದಿನಗಳನ್ನು ಡಾಲರ್ ಕೊಟ್ಟು ಕಳೆಯಬೇಡಿ. ಮಾಸ್ಕ್ ನಿಮ್ಮದೇ ಇರಲಿ, ಉಳಿದದ್ದು ಬಾಡಿಗೆಗೆ ಸಿಗುತ್ತದೆ. ವಿಮಾ ಪಾಲಿಸಿಯಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಆಳದವರೆಗೆ ಎಂದು ಓದಿ. ಸಾಮಾನ್ಯ ಟ್ರಾವೆಲ್ ವಿಮೆಯಲ್ಲಿ ಅನೇಕ ಸಲ ಇರುವುದಿಲ್ಲ. ಮಲೇರಿಯಾ ಮಾತ್ರೆ ಬರೆಸುವಾಗ ಡೈವ್ ಮಾಡುತ್ತೇನೆಂದು ವೈದ್ಯರಿಗೆ ಹೇಳಲೇಬೇಕು. ಮೆಫ್ಲೋಕ್ವಿನ್ ತಲೆಸುತ್ತು, ಗಾಬರಿ ತರಬಹುದು, ಡೈವರ್‌ಗೆ ಬೇಡ. ಡಾಕ್ಸಿಸೈಕ್ಲಿನ್ ತೆಗೆದುಕೊಂಡರೆ ದೋಣಿಯ ಮೇಲೆ ಚರ್ಮ ಬೇಗ ಸುಡುತ್ತದೆ. ಹಳದಿ ಜ್ವರದ ಲಸಿಕೆ ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಆಗಬೇಕು, ಪತ್ರ ಊರ್ಜಿತವಾಗುವುದು 10 ದಿನದ ಮೇಲೆ. ಅದಿಲ್ಲದೆ ಕೀನ್ಯಾದಿಂದ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಕ್ವಾರಂಟೈನ್ ಆಗಬಹುದು.

ಚಕ್ಕುಲಿ, ಚಟ್ನಿಪುಡಿ ಒಯ್ಯಿರಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಕೀನ್ಯಾ 2017ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿದೆ. ಸ್ಟೀಲ್ ಡಬ್ಬಿ, ಬಟ್ಟೆ ಚೀಲ.

ಕಾಡು ಬಿಟ್ಟ ಮಾರನೆಯ ದಿನ, ವೋಯ್‌ನಿಂದ ನೈರೋಬಿಗೆ ದಾರಿಯ ಊರುಗಳಲ್ಲಿ ನಿಲ್ಲುವ ಬೆಳಗಿನ ಇಂಟರ್‌ಕೌಂಟಿ ರೈಲಿಗೇ ಟಿಕೆಟ್ ಮಾಡಿಸಿ. ಎಕ್ಸ್‌ಪ್ರೆಸ್ ಹಿಡಿಯುವ ಆಸೆ ಬೇಡ. ಬಲಗಡೆ ಕಿಟಕಿ ಸಿಕ್ಕರೆ ಪೂರ್ವ ತ್ಸಾವೊ, ಎಡಗಡೆ ಸಿಕ್ಕರೆ ಪಶ್ಚಿಮ ತ್ಸಾವೊ. ಎತ್ತರದ ಹಳಿಯ ಮೇಲಿಂದ ಇನ್ನೊಂದು ಸಲ ಆನೆ ಕಂಡರೆ, ಅದಕ್ಕೆ ಯಾವ ಶುಲ್ಕವೂ ಇಲ್ಲ.