ಗೀಸರ್ ಸರಿ ಉಂಟು, ನೀರು ಮಾತ್ರ ಉಗುರು ಬೆಚ್ಚಗೆ

ಜೋರು ಮಳೆಯ ಆಟಿ ತಿಂಗಳಲ್ಲಿ ಉಡುಪಿಯಲ್ಲಿ ಬಿಸಿನೀರು ಕೈಕೊಟ್ರೆ ಎಂತಾಗ್ತದೆ ಅಂತ ಇಲ್ಲಿಯವರಿಗೆ ನಾನು ಹೇಳ್ಬೇಕಾಗಿಲ್ಲ. ಚಳಿ ಅಂತ ಅಷ್ಟು ದೊಡ್ಡದೇನಿಲ್ಲ, ಆದ್ರೆ ಮೂರು ದಿನದಿಂದ ಒಣಗದೆ ಮುಗ್ಗಲು ವಾಸನೆ ಬರುವ ಬೈರಾಸಲ್ಲಿ ಮೈ ಒರೆಸ್ಕೊಳ್ಳುವವನಿಗೆ ಅದಕ್ಕಿಂತ ಮೊದ್ಲು ಎರಡು ಚೊಂಬು ಸುಡುಸುಡು ನೀರಾದ್ರೂ ಬೇಕಲ್ಲ. ನಮ್ಮ ಮನೆಯಲ್ಲಿ ಈ ಸಲ ಜುಲೈ ಮೊದಲ ವಾರದಿಂದ ಬಂದದ್ದು ಉಗುರು ಬೆಚ್ಚಗಿನ ನೀರು, ಮಾತ್ರೆ ನುಂಗ್ಲಿಕ್ಕೆ ಕೊಡ್ತಾರಲ್ಲ ಅಂಥದ್ದು.

ಮನೆಯಲ್ಲಿ ಇರುವುದು ನಿಮಿಷಕ್ಕೆ ಆರು ಲೀಟರಿನ ಗ್ಯಾಸ್ ಗೀಸರ್, ಹಿಂದಿನ ಜಗಲಿಯ ಗೋಡೆಗೆ ಹಾಕಿದ್ದು. ಬಚ್ಚಲಿನ ಒಳಗೆ ಹಾಕ್ಲಿಕ್ಕೆ ನಾನೇ ಬಿಡ್ಲಿಲ್ಲ, ಗಾಳಿಯಾಡದ ಸಣ್ಣ ಬಾತ್‌ರೂಮಲ್ಲಿ ಅದು ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ತುಂಬ್ತದೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆ ತಿರುಗಿ ಬಿದ್ದವರಿಗೆ ಬಾಗಿಲು ತೆಗೀಲಿಕ್ಕೂ ಆಗುವುದಿಲ್ಲ. ಇದು ಮಾತ್ರ ದಯವಿಟ್ಟು ಹಗುರ ಮಾಡ್ಬೇಡಿ.

ಅಪ್ಪನಿಗೆ ಗೀಸರ್ ಮೊದಲಿಂದ್ಲೂ ಆಗುವುದಿಲ್ಲ. ಅವರ ಲೆಕ್ಕದಲ್ಲಿ ಬಿಸಿನೀರು ಅಂದ್ರೆ ತಾಮ್ರದ ಹಂಡೆ, ಅಡಿಯಲ್ಲಿ ತೆಂಗಿನ ಮಡಲು, ಸಿಪ್ಪೆ, ಗೆರಟೆ. ಹಾಗಾಗಿ ನೀರು ಬಿಸಿ ಬರ್ಲಿಲ್ಲ ಅಂತ ಆದ ದಿನ ಅವರ ಮುಖ ನೋಡ್ಬೇಕಿತ್ತು, ಬೇಜಾರಿಗಿಂತ ಖುಷಿಯೇ ಜಾಸ್ತಿ. "ನಾನು ಆವತ್ತೇ ಹೇಳಿದ್ದೆ" ಅಂತ ಶುರು.

ಮೆಕ್ಯಾನಿಕ್‌ನ ಕರೆಸಿದೆ. ಅವ್ರು ಬಂದು ಎರಡು ದೊಡ್ಡ ಸೆಲ್ ಬದಲಾಯಿಸಿದ್ರು (ಕಿಡಿ ಹತ್ತುತ್ತಾ ಇತ್ತು, ಉರಿಯೂ ಬರ್ತಿತ್ತು, ಮತ್ತೆ ಸೆಲ್ ಯಾಕೆ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ), ಬರ್ನರ್ ಬ್ರಶ್ ಹಾಕಿ ಉಜ್ಜಿದ್ರು, ನೀರು ಒಳಗೆ ಹೋಗುವಲ್ಲಿನ ಜಾಲರಿ ತೆಗೆದ್ರು. ಜಾಲರಿಯಲ್ಲಿ ಮಾತ್ರ ನಿಜವಾಗ್ಲೂ ಕೆಂಪು ಕೆಸರು ಇತ್ತು, ನಮ್ಮದು ಮುರಕಲ್ಲಿನ ಬಾವಿ ನೋಡಿ, ಮಳೆಗಾಲದಲ್ಲಿ ನೀರಿಗೆ ಸ್ವಲ್ಪ ಬಣ್ಣ ಇದ್ದೇ ಇರ್ತದೆ. ಇಷ್ಟಾದ್ರೂ ನೀರು ಹಾಗೇ. ಎರಡು ದಿನ ಬಿಟ್ಟು ಇನ್ನೊಂದ್ಸಲ ಬಂದು ಡಯಾಫ್ರಾಮ್ (ನೀರಿನ ಒತ್ತಡಕ್ಕೆ ಉಬ್ಬಿ ಗ್ಯಾಸ್ ಬಿಡುವ ರಬ್ಬರ್ ಹಾಳೆ) ಹೋಗಿದೆ ಅಂತ ಅದನ್ನೂ ಹಾಕಿದ್ರು. ಮೂರನೇ ಸಲ ಫೋನಲ್ಲೇ, "ಅದು ಹಳತಾಯ್ತು ಮಾರ್ರೆ, ಹೊಸತು ತಕ್ಕೊಳ್ಳಿ." ಬಿಲ್ಲು ಎಷ್ಟಾಯ್ತು ಅಂತ ಅಪ್ಪನಿಗೆ ಇವತ್ತಿನವರೆಗೂ ಹೇಳ್ಲಿಲ್ಲ.

ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿದಾಗ ಸುಮ್ನೆ ಹೇಳ್ಕೊಂಡೆ. ಅವಳು ಇರುವುದು ಇಂಗ್ಲೆಂಡಿನ ರೆಡಿಂಗಲ್ಲಿ, ಅಲ್ಲಿ ಮನೆಗೆ ಕಾಂಬಿ ಬಾಯ್ಲರ್ ಅಂತ ಇರ್ತದೆ, ಒಂದೇ ಪೆಟ್ಟಿಗೆ, ಮನೆ ಬೆಚ್ಚಗೆ ಮಾಡುವ ರೇಡಿಯೇಟರಿಗೂ ಅದೇ, ನಲ್ಲಿಯ ಬಿಸಿನೀರಿಗೂ ಅದೇ. ಅವಳಿಗೂ ಹೋದ ವರ್ಷ ಇದೇ ಕತೆ, ನಲ್ಲಿಯಲ್ಲಿ ಉಗುರು ಬೆಚ್ಚಗಿನ ನೀರು. ಅವಳಿಗೆ ಸುಳಿವು ಸಿಕ್ಕಿದ್ದು ಎಲ್ಲಿಂದ ಅಂದ್ರೆ ಬೇಸಿಗೆಯಲ್ಲಿ, ಹೀಟಿಂಗ್ ಬಂದ್ ಇರುವಾಗ, ಬಟ್ಟೆ ಒಣಗಿಸ್ಲಿಕ್ಕೆ ಅಂತ ರೇಡಿಯೇಟರ್ ಮೇಲೆ ಕೈಯಿಟ್ರೆ ಅದು ಬಿಸಿ! ಬಾಯ್ಲರಿನೊಳಗೆ ಡೈವರ್ಟರ್ ವಾಲ್ವ್ ಅಂತ ಒಂದು ಉಂಟಂತೆ, ನಲ್ಲಿ ತಿರುಗಿಸಿದ ಕೂಡ್ಲೇ ಬಿಸಿಯನ್ನೆಲ್ಲ ರೇಡಿಯೇಟರ್ ಕಡೆಯಿಂದ ಬಿಡಿಸಿ ನಲ್ಲಿ ನೀರನ್ನು ಕಾಯಿಸುವ ಪ್ಲೇಟುಗಳ ಕಡೆ ಕಳಿಸುವುದು ಅದರ ಕೆಲಸ. ಅದು ಅರ್ಧದಲ್ಲಿ ಸಿಕ್ಕಿಹಾಕ್ಕೊಂಡಿತ್ತು, ಬಿಸಿ ಎರಡು ಪಾಲಾಗಿ ಎರಡೂ ಕಡೆ ಹೋಗ್ತಿತ್ತು. ಅಲ್ಲಿ ಗ್ಯಾಸ್ ಮುಟ್ಟುವವರು ಗ್ಯಾಸ್ ಸೇಫ್ ರಿಜಿಸ್ಟರಲ್ಲಿ ಹೆಸರಿದ್ದವರೇ ಆಗ್ಬೇಕು, ಅಂಥವರು ಬಂದು ವಾಲ್ವ್ ಬದಲಾಯಿಸಿದ್ಮೇಲೆ ಸರಿಯಾಯ್ತು. ಅವಳ ಪಕ್ಕದ ಮನೆಯವರದ್ದು ಬೇರೆ, ಅಲ್ಲಿಯ ಗಡಸು ನೀರಿಗೆ ಪ್ಲೇಟಿನೊಳಗೆ ಸುಣ್ಣ ಕಟ್ಟಿತ್ತು, ನೀರು ಮೊದ್ಲು ಬಿಸಿ ಬಂದು ಆಮೇಲೆ ತಣಿಯುವುದು, ಪುನಃ ಬಿಸಿ, ಪುನಃ ತಣಿ. ನಮ್ಮ ಮುರಕಲ್ಲಿನ ನೀರು ಮೆತ್ತಗಿನದ್ದು, ಸುಣ್ಣದ ಕಾಟ ಇಲ್ಲ, ಹಾಗಾಗಿ ಅದನ್ನು ನಾನು ಮೊದಲೇ ಪಟ್ಟಿಯಿಂದ ಹೊಡೆದು ಹಾಕಿದೆ.

ಅಕ್ಕ ಕೇಳಿದ ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಉಳೀತು. "ಗೀಸರಿಂದ ಹೊರಗೆ ಬರುವ ನೀರು ತಣ್ಣಗೆಯಾ, ಇಲ್ಲ ನಲ್ಲಿಗೆ ಬರುವಾಗ ತಣ್ಣಗೆಯಾ? ಎರಡೂ ಒಂದೇ ಅಲ್ಲ ಮಾರಾಯ."

ಇದು ನಾನು ನೋಡ್ಲೇ ಇಲ್ಲ, ಮೆಕ್ಯಾನಿಕ್ಕೂ ನೋಡ್ಲಿಲ್ಲ. ಮಗನ ಮೀನಿನ ತೊಟ್ಟಿಯ ಥರ್ಮಾಮೀಟರ್ ಉಂಟು, 50 ಡಿಗ್ರಿವರೆಗೆ ಗೆರೆ ಇರುವಂಥದ್ದು. ಬೆಳಿಗ್ಗೆ ಅದನ್ನು ತಕ್ಕೊಂಡು ಹೊರಟೆ. ಟಾಂಕಿ ನೀರು 27. ಬಚ್ಚಲಿನ ಬಿಸಿನೀರಿನ ನಲ್ಲಿಗೆ ಬಕೆಟ್ ಇಟ್ಟು ಅದ್ದಿದ್ರೆ 34. ಗೀಸರ್ ಕೂಗ್ತಾ ಇದೆ, ಕಿಟಿಕಿಯಲ್ಲಿ ಉರಿ ನೀಲಿ, ಬಿಸಿ ಹೆಚ್ಚುಕಡಿಮೆ ಮಾಡುವ ನಾಬ್ ಪೂರ್ತಿ ವಿಂಟರ್ ಕಡೆ. ನಲ್ಲಿ ಸ್ವಲ್ಪ ಸಣ್ಣ ಮಾಡಿದ್ರೆ ನೀರು ಬಿಸಿ ಆಗ್ಬೇಕು, ಅಷ್ಟೇ ಉರಿಗೆ ಕಡಿಮೆ ನೀರು ಅಂದ್ಮೇಲೆ. ಆಗ್ಲೇ ಇಲ್ಲ, ಬದಲಿಗೆ ಇನ್ನೂ ತಣ್ಣಗಾಯ್ತು! ಲೆಕ್ಕ ಹಾಕಿ ನೋಡಿ, ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸ್ಲಿಕ್ಕೆ ಹತ್ತೂವರೆ ಕಿಲೋವ್ಯಾಟ್ ಸಾಕು, ಈ ಗೀಸರ್ ಆ ಅಳತೆಯದ್ದೇ. ನಮಗೆ ಬೇಕಾದ್ದು 27ರಿಂದ 42ಕ್ಕೆ, ಬರೇ ಹದಿನೈದು ಡಿಗ್ರಿ. ಅಕ್ಕನಿಗಾದ್ರೆ ಚಳಿಗಾಲದಲ್ಲಿ ಬರುವ ನೀರೇ ಹತ್ತು ಡಿಗ್ರಿಗಿಂತ ಕೆಳಗೆ, ಅಲ್ಲಿ ಬಾಯ್ಲರ್ ಒದ್ದಾಡ್ಬೇಕು. ನಮ್ಮಲ್ಲಿ ಒದ್ದಾಡ್ಲಿಕ್ಕೆ ಕಾರಣವೇ ಇಲ್ಲ.

ಆಮೇಲೆ ಗೀಸರಿಗೆ ತಣ್ಣೀರು ಹೋಗುವ ವಾಲ್ವನ್ನು ಪೂರ್ತಿ ಬಂದ್ ಮಾಡಿದೆ. ಉರಿ ಟಪ್ ಅಂತ ನಿಂತಿತು. ಈಗ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದ್ರೆ ಎಂತ ಬರ್ಬೇಕು? ನಾಲ್ಕು ಹನಿ ಬಂದು ನಿಲ್ಬೇಕು. ನಿಲ್ಲಲೇ ಇಲ್ಲ, ಸರಾಗ ಬಂತು, ತಣ್ಣಗೆ, ಬಕೆಟ್ಟೇ ತುಂಬುವ ಹಾಗೆ. ನಾನು ಒಂದು ನಿಮಿಷ ಸುಮ್ನೆ ನೋಡ್ತಾ ನಿಂತೆ. ಗೀಸರಿನ ದಾರಿ ಬಂದ್ ಮಾಡಿದ್ಮೇಲೆ ಈ ನೀರು ಬಿಸಿನೀರಿನ ಪೈಪಿಗೆ ಹೊಕ್ಕಿದ್ದು ಎಲ್ಲಿಂದ ಮಾರ್ರೆ?

ಹೊಕ್ಕಿದ್ದು ಒಳಗಿನ ರೂಮಿನ ಬಾತ್‌ರೂಮಿಂದ. ಮೇ ತಿಂಗಳಲ್ಲಿ ಬೆಂಗಳೂರಿಂದ ನನ್ನ ತಮ್ಮ ಮನೆಯವರೊಟ್ಟಿಗೆ ಬಂದಿದ್ದ, ಅವನ ಸಣ್ಣ ಮಗುವಿಗೆ ಅನುಕೂಲ ಆಗ್ಲಿ ಅಂತ ಅಲ್ಲಿ ಬಿಸಿ ತಣ್ಣೀರು ಎರಡೂ ಸೇರುವ ಮಿಕ್ಸರ್ ನಲ್ಲಿ ಹಾಕಿಸಿ, ಒಂದು ಹ್ಯಾಂಡ್ ಶವರ್ ಜೋಡಿಸಿದ್ವಿ. ಹಿಡಿಕೆಯಲ್ಲಿ ಒತ್ತುವ ಗುಂಡಿ ಉಂಟು, ಬಿಟ್ರೆ ನೀರು ನಿಲ್ತದೆ. ನೀರು ನಿಂತಿತಲ್ಲ ಅಂತ ಕೆಳಗಿನ ಲಿವರ್ ಬಂದ್ ಮಾಡುವವರು ಯಾರೂ ಇಲ್ಲ, ಅದು ಅರ್ಧಕ್ಕೆ ತಿರುಗಿಯೇ ಇರುವುದು. ಅಲ್ಲಿಗೆ ಮಿಕ್ಸರಿನ ಹೊಟ್ಟೆಯೊಳಗೆ ಎರಡು ಪೈಪೂ ಒಂದಾಯ್ತು. ಗೀಸರಿನ ಸಣ್ಣ ಸುರುಳಿ ಪೈಪ್ ಸುತ್ತಿ ಬರುವ ನೀರಿಗೆ ಒತ್ತಡ ಸ್ವಲ್ಪ ಕಡಿಮೆ, ಟಾಂಕಿಯಿಂದ ನೇರ ಇಳಿಯುವ ತಣ್ಣೀರಿಗೆ ಜಾಸ್ತಿ. ಇತ್ತ ಬಚ್ಚಲಲ್ಲಿ ಯಾರಾದ್ರೂ ಬಿಸಿನೀರು ತಿರುಗಿಸಿದ್ರೆ ಅತ್ತ ಆ ಬಾತ್‌ರೂಮಿನ ತಣ್ಣೀರು ಕಳ್ಳದಾರಿಯಲ್ಲಿ ಬಿಸಿನೀರಿನ ಪೈಪಿಗೆ ಹೊಕ್ಕು ಬಕೆಟಿಗೆ ಬೀಳುವುದು. ಅಕ್ಕನ ಮನೆಯಲ್ಲಿ ಬಿಸಿ ಬೇರೆ ಕಡೆ ಹೋದದ್ದು, ನಮ್ಮಲ್ಲಿ ತಣ್ಣೀರು ಬೇರೆ ಕಡೆಯಿಂದ ಬಂದದ್ದು, ಅಷ್ಟೇ ವ್ಯತ್ಯಾಸ.

ಮೇ ತಿಂಗಳಲ್ಲಿ ಹಾಕಿದ್ದು ಜುಲೈವರೆಗೆ ಗೊತ್ತಾಗ್ಲಿಲ್ಲ ಯಾಕೆ ಅಂದ್ರೆ ಉಡುಪಿಯ ಮೇ ತಿಂಗಳಲ್ಲಿ ಬಿಸಿನೀರು ಕೇಳುವವರು ಯಾರು? ಅಪ್ಪ ಕೂಡ ಬಾವಿಕಟ್ಟೆಯಲ್ಲಿ ಕೊಡಪಾನ ಸುರಿದುಕೊಳ್ಳುವ ಕಾಲ ಅದು.

ಲಿವರ್ ಬಂದ್ ಮಾಡಿ, ಗೀಸರಿನ ವಾಲ್ವ್ ತೆಗೆದು, ಪುನಃ ಬಕೆಟಿಗೆ ಥರ್ಮಾಮೀಟರ್ ಅದ್ದಿದೆ. 44. ಬೆರಳು ಅದ್ದಿ "ಹೌದಾ" ಅಂತ ಎಳ್ಕೊಂಡೆ.

ಈಗ ಪ್ಲಂಬರ್ ಹತ್ರ ಹೇಳಿ ಆ ಮಿಕ್ಸರಿಗೆ ಹೋಗುವ ಎರಡೂ ಪೈಪಿಗೆ ಒಂದೊಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದ್ದೇನೆ, ನೀರು ಒಂದೇ ದಿಕ್ಕಿಗೆ ಹೋಗುವಂಥದ್ದು, ಇನ್ನು ಯಾರು ಲಿವರ್ ಬಿಟ್ರೂ ತೊಂದ್ರೆ ಇಲ್ಲ. ಪ್ಲಂಬರ್ ಬರುವವರೆಗೆ ಒಂದು ವಾರ ಆ ಗೋಡೆಗೆ ಚೀಟಿ ಅಂಟಿಸಿದ್ದೆ, "ಹಿಡಿಕೆ ಅಲ್ಲ, ಲಿವರ್ ಬಂದ್ ಮಾಡಿ" ಅಂತ. ನಿಮ್ಮಲ್ಲೂ ಇದೇ ತರ ಆದ್ರೆ ಆ ವಾಲ್ವ್ ಬಂದ್ ಮಾಡಿ ನೋಡುವ ಪರೀಕ್ಷೆ ಮೊದ್ಲು ಮಾಡಿ, ಖರ್ಚೇನಿಲ್ಲ, ನೀರಿನ ಕಡೆಯದ್ದು ಮಾತ್ರ. ಗ್ಯಾಸಿನ ಕಡೆಯ ನಟ್ಟು ಬೋಲ್ಟಿಗೆ ಕೈ ಹಾಕ್ಬೇಡಿ, ಅದಕ್ಕೆ ಗೊತ್ತಿದ್ದವರೇ ಬರ್ಲಿ.

ಅಪ್ಪನಿಗೆ ಎಲ್ಲ ವಿವರವಾಗಿ ಹೇಳಿದೆ. ಪೂರ್ತಿ ಕೇಳಿದ್ರು. ಆಮೇಲೆ, "ಹಂಡೆಗೆ ಪೈಪ್ ಇಲ್ವಲ್ಲ" ಅಂದ್ರು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅಂತ ಈಗ್ಲೇ ಗೆರಟೆ ಒಟ್ಟು ಮಾಡ್ತಾ ಇದ್ದಾರೆ.