ಮಳೆಗೆ ಉಬ್ಬಿದ ಕೋವಿ ಮರ

ಕೊಡಗಿನ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದಲ್ವಾ, ಕೋವಿಯ ನಳಿಗೆ ಕೂರುವ ಮರವೂ ಹಾಗೇ ಉಬ್ಬುತ್ತದೆ. ನಮ್ಮ ಮನೆಯ ಹಳೆಯ .22 ರೈಫಲ್ ಬೇಸಿಗೆಯಲ್ಲಿ ಗುರಿ ತಪ್ಪುತ್ತಿರಲಿಲ್ಲ. ನಮ್ಮ ಕೋವಿ ಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಒಯ್ದರೆ ಮಾತ್ರ ಗುಂಡು ಒಮ್ಮೆ ಮೇಲೆ, ಒಮ್ಮೆ ಬಲಕ್ಕೆ. ದೊಡ್ಡಪ್ಪನದು ಒಂದೇ ಮಾತು: "ಕೋವಿ ಸರಿಯಾಗೇ ಇದೆ, ನಿನ್ನ ಕೈ ನೋಡ್ಕೋ."

ಆಗಸ್ಟ್‌ನಲ್ಲಿ ಒಂದು ದಿನ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಬೋಲ್ಟ್ ತೆಗೆದು, ಒಳಗೆ ಗುಂಡು ಇಲ್ಲ ಅಂತ ಇಬ್ಬರೂ ನೋಡಿದೆವು. ನಳಿಗೆಗೂ ಮರಕ್ಕೂ ನಡುವೆ ನೂರರ ನೋಟು ತೂರಿಸಿದರೆ ಅರ್ಧ ದಾರಿಯಲ್ಲೇ ನಿಂತಿತು. ಆಮೇಲೆ ಎರಡೂ ಸೇರುವ ಜಾಗದಲ್ಲಿ ದೊಡ್ಡಪ್ಪನ ಬೆರಳು ಇಡಿಸಿ, ಕೆಳಗಿನ ಸ್ಕ್ರೂ ಸಡಿಲ ಮಾಡಿದೆ. ನಳಿಗೆ ಮರದಿಂದ ಮೆಲ್ಲಗೆ ಮೇಲೆದ್ದಿತು. "ಹೌದಲ್ವೋ, ಇದು ಅಲ್ಲಾಡ್ತದೆ!" ಅಂದರು. ಸ್ಕ್ರೂ ಬಿಗಿದಾಗೆಲ್ಲ ಕಬ್ಬಿಣ ಬಾಗಿ ಕೂರುತ್ತಿತ್ತು ಅಂತ ಆಗ ಒಪ್ಪಿಕೊಂಡರು.

ಇದಕ್ಕೆ ಮದ್ದು ಬೆಡ್ಡಿಂಗ್. ಕಬ್ಬಿಣ ಕೂರುವ ಜಾಗಕ್ಕೆ ಗಟ್ಟಿ ಅಂಟು ತುಂಬಿ, ಅದರ ಅಚ್ಚಿನಲ್ಲೇ ಕಬ್ಬಿಣ ಅಲ್ಲಾಡದಂತೆ ಕೂರಿಸುವುದು. ಅಲ್ಲಿಂದ ಮುಂದಕ್ಕೆ ನಳಿಗೆ ಮರಕ್ಕೆ ಎಲ್ಲೂ ತಾಗಬಾರದು. ನಾನು ಕೆರೆದು ತಿದ್ದಿದ್ದು ಮರವನ್ನು ಮಾತ್ರ. ಕಬ್ಬಿಣದ ಭಾಗ ತಿದ್ದುವುದು ಲೈಸೆನ್ಸ್ ಇರುವ ಗನ್‌ಸ್ಮಿತ್, ಅಂದರೆ ಕೋವಿ ರಿಪೇರಿಯವರ ಕೆಲಸ.

ಅಂಟು ಹಾಕುವುದು ಹತ್ತು ನಿಮಿಷದ ಮಾತು. ಹೊತ್ತು ಹಿಡಿಯುವುದು ತಯಾರಿಗೇ. ಮರದೊಳಗೆ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿದ್ದ ಪದರವನ್ನು ಉಳಿಯಿಂದ ಕೆರೆದು, ಥಿನ್ನರ್‌ನಲ್ಲಿ ಒರೆಸಿದೆ. ನಳಿಗೆ ಮಲಗುವ ಕಾಲುವೆಯನ್ನು ಉಪ್ಪುಕಾಗದದಿಂದ ಉಜ್ಜಿ ಅಗಲ ಮಾಡಿದೆ. ನಳಿಗೆ ಮಧ್ಯಕ್ಕೇ ನಿಲ್ಲಲಿ ಅಂತ ತುದಿಗೆ ಟೇಪ್ ಸುತ್ತಿದೆ. ಅಂಟು ನುಗ್ಗದಿರಲಿ ಅಂತ ಕಬ್ಬಿಣದ ತೂತುಗಳಿಗೆಲ್ಲ ಮಕ್ಕಳು ಆಡುವ ಬಣ್ಣದ ಕ್ಲೇ ಮೆತ್ತಿದೆ. ಕೊನೆಗೆ ಅಂಟು ಹಿಡಿಯದಂತೆ ಕಬ್ಬಿಣಕ್ಕೆಲ್ಲ ಮೇಣದ ಪಾಲಿಶ್, ಸ್ಕ್ರೂಗೂ ಬಿಡದೆ. ಇದೊಂದು ಮರೆತರೆ ಕಬ್ಬಿಣ, ಮರ ಎರಡೂ ಜನ್ಮಕ್ಕೂ ಬೇರೆಯಾಗುವುದಿಲ್ಲ.

ಅಂಟು ನಿಧಾನಕ್ಕೆ ಒಣಗುವ ಅರಾಲ್ಡೈಟ್. ನಿಮಿಷಗಳಲ್ಲಿ ಗಟ್ಟಿಯಾಗುವುದು ಈ ಕೆಲಸಕ್ಕಲ್ಲ, ಕಬ್ಬಿಣ ಸರಿಯಾಗಿ ಕೂರಿಸುವಷ್ಟೂ ಪುರುಸೊತ್ತು ಕೊಡುವುದಿಲ್ಲ. ಸ್ಕ್ರೂಗಳನ್ನು ಬೆರಳಲ್ಲೇ ತಿರುಗಿಸಿ ನಿಲ್ಲಿಸಿದೆ. ಇಲ್ಲಿ ಬಿಗಿದರೆ ಹಳೆಯ ಬಾಗೇ ಅಚ್ಚಾಗಿ ಉಳಿಯುತ್ತದೆ. ಮೇಲೆ ಸೈಕಲ್ ಟ್ಯೂಬ್ ಸುತ್ತಿದೆ. ಹೊರಗೆ ಒಸರಿದ ಅಂಟು ಒರೆಸಲು ವಿನೆಗರ್ ಬೇಕು. ಅಡುಗೆಮನೆಯಲ್ಲಿ ನಮ್ಮ ಕೊಡಗಿನ ಕಪ್ಪು ವಿನೆಗರ್ ಕಾಚಂಪುಳಿ ಇತ್ತು, ಆದರೆ ಪಂದಿ ಕರಿಗೆ ಇಟ್ಟದ್ದನ್ನು ಕೋವಿಗೆ ಸುರಿದರೆ ಮನೆಯಲ್ಲಿ ಬಿಡುತ್ತಾರಾ? ಅಂಗಡಿಯಿಂದಲೇ ತಂದೆ.

ಹೊರಗೆ ಬಿಡದ ಮಳೆ, ಚಳಿ. ಅಂಟು ಬೇಗ ಕಚ್ಚುವುದಿಲ್ಲ ಅಂತ ಪಕ್ಕದಲ್ಲಿ ಬಲ್ಬ್ ಉರಿಸಿಟ್ಟೆ. ಮರುದಿನ ಸಂಜೆ ಸ್ಕ್ರೂ ಬಿಚ್ಚಿ ಎಳೆದರೆ ಬರಲಿಲ್ಲ. ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ಟಪ್ ಅಂತ ಬಿಟ್ಟುಕೊಂಡಿತು. ಒಳಗೆ ಅಂಟಿನ ಮೇಲೆ ಕಬ್ಬಿಣದ ಪೂರ್ತಿ ಅಚ್ಚು. ಎಂದೋ ಯಾರೋ ಅರ ಉಜ್ಜಿದ ಸಣ್ಣ ಗೀರೂ ಬಿದ್ದಿತ್ತು. ದೊಡ್ಡಪ್ಪ ಕನ್ನಡಕ ಹಾಕಿ ನೋಡಿ, "ಒಳ್ಳೇ ಮರಕ್ಕೆ ಸಿಮೆಂಟ್ ಮೆತ್ತಿದೆಯಲ್ಲೋ" ಅಂದರು. ಆದರೆ ಬೆರಳಿಟ್ಟು ಸ್ಕ್ರೂ ತಿರುಗಿಸಿ ನೋಡಿದ್ದು ಅವರೇ. ನಳಿಗೆ ಒಂದಿಷ್ಟೂ ಏಳಲಿಲ್ಲ. ನೋಟು ತುದಿಯಿಂದ ಬುಡದವರೆಗೆ ಸಲೀಸಾಗಿ ಓಡಿತು.

ಆಮೇಲೆ ಮರದ ಒಳಭಾಗಕ್ಕೂ ವಾರ್ನಿಶ್ ಬಳಿದೆ. ಹೊರಗೆಷ್ಟು ಪಾಲಿಶ್ ಇದ್ದರೂ ತೇವ ನುಗ್ಗುವುದು ಬೋಳು ಬಿಟ್ಟ ಆ ಜಾಗದಿಂದಲೇ. ಹಬ್ಬಕ್ಕೆ ಕೋವಿಯನ್ನು ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ನೆಲ್ಲಕ್ಕಿ ಬಾಡೆಯಲ್ಲಿ, ಅಂದರೆ ದೀಪ ಹಚ್ಚುವ ನಡುಮನೆಯಲ್ಲಿ, ಇಟ್ಟ ಮೇಲೆ ಪೂಜೆ ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಹಾಗಾಗಿ ಅದಕ್ಕೆ ಮುಂಚೆಯೇ ಗುರಿ ನೋಡಿಕೊಂಡೆ. ಗುಂಡುಗಳು ಒತ್ತೊತ್ತಾಗಿ ಬಿದ್ದವು, ಆದರೆ ಎಲ್ಲವೂ ಎಡಕ್ಕೆ. ಗುರಿ ಹಿಡಿಯುವ ಸೈಟ್ ಮತ್ತೆ ಹೊಂದಿಸಬೇಕಾಯಿತು.