ಬಲ್ಲಿರೇನಯ್ಯಾ? ಇರುವಂಥ ಸ್ಥಳ, ಮೇಲಿನ ಬರ್ತು

ಗೊಂಬೆಯಾಟ, ಕಾರ್ಟೂನು ಎರಡಕ್ಕೂ ಒಟ್ಟಿಗೆ ನೀರೆರೆದ ಊರು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕುಂದಾಪುರದ ಹೆಸರು ಹೇಳುತ್ತೇನೆ. ಪೇಟೆಯಿಂದ ತುಸು ದೂರದ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನ ಗೊಂಬೆಯಾಟ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಈ ಊರಿನವರು, ಪಂಜು ಗಂಗೊಳ್ಳಿ ಹೊಳೆಯಾಚೆಯವರು. ಕಾರ್ಟೂನಿಗೆಂದೇ ಇಲ್ಲಿ ಹಬ್ಬ ಮಾಡುತ್ತಾರೆ. ಗೊಂಬೆ ಆಡಿಸುವ ಇಬ್ಬರು, ಚಿತ್ರ ಬರೆಯುವ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಊರು ನನಗೆ ಹೊಳೆಯಲಿಲ್ಲ.

ನಾಲ್ವರೂ ನನಗೆ ಹಳಬರು. ಆದರೆ ಅವರವರಲ್ಲಿ ಮುಖಪರಿಚಯವೂ ಇರಲಿಲ್ಲ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹೊರಟು, ಡಬ್ಬಿಗಳಲ್ಲಿದ್ದ ಚಪಾತಿ ಪಲ್ಯ ಖಾಲಿಯಾದ ಮೇಲೂ ಎಲ್ಲರೂ ಮೊಬೈಲಿನಲ್ಲೇ ಮುಳುಗಿದ್ದರು. ಕೊನೆಗೆ ಯಕ್ಷಗಾನದಲ್ಲಿ ಹಾಡಿ ಆಟ ನಡೆಸುವ ಭಾಗವತರ ಕೆಲಸವನ್ನು ನಾನೇ ವಹಿಸಿಕೊಂಡೆ. ಕರಾವಳಿಯ ಆಟ ನೋಡಿದವರಿಗೆ ಗೊತ್ತು: ವೇಷ ರಂಗಕ್ಕೆ ಬಂದು ‘ಬಲ್ಲಿರೇನಯ್ಯಾ?’ ಎನ್ನುತ್ತದೆ, ಭಾಗವತರು ‘ಇರುವಂಥ ಸ್ಥಳ?’ ಎಂದು ಕೇಳುತ್ತಾರೆ, ಅಲ್ಲಿಂದ ವೇಷ ತನ್ನ ಊರು, ಕುಲ, ಪರಾಕ್ರಮ ಎಲ್ಲವನ್ನೂ ಬಿಚ್ಚಿಡುತ್ತದೆ. ನಮ್ಮವರೂ ಹಾಗೆಯೇ ಪೀಠಿಕೆ ಹಾಕಬೇಕು ಎಂದು ಅಪ್ಪಣೆಯಾಯಿತು.

ಮೊದಲು ಎದ್ದವನು ಪತ್ರಿಕೆಗೆ ಪಾಕೆಟ್ ಕಾರ್ಟೂನ್ ಬರೆಯುವವನು.

“ಬಲ್ಲಿರೇನಯ್ಯಾ?”

“ಇರುವಂಥ ಸ್ಥಳ?”

“ಮೊದಲ ಪುಟದ ಎಡಮೂಲೆ. ಈ ಎಡಮೂಲೆಗೆ ಯಾರೆಂದು ಕೇಳಬಲ್ಲಿರಿ?”

“ಜಾಹೀರಾತೆಂದು ಕೇಳಿದ್ದೇವೆ!” ಎಂದೆ ನಾನು.

“ಭಲಾ ಭಾಗವತರೇ! ಜಾಹೀರಾತು ಬಾರದ ದಿನಗಳಲ್ಲಿ ಆ ಮೂಲೆಯನ್ನು ಏಕಾಂಗಿಯಾಗಿ ಕಾಯುವ ವೀರ ನಾನೇ. ಕೊರವಂಜಿಯ ಮನೆತನ ನಮ್ಮದು. ಆಸ್ತಿಯೆಂದು ಬಂದದ್ದು ಮೂಗು ಉದ್ದ ಬರೆಯುವ ಹಕ್ಕೊಂದೇ.”

ಮನೆತನದ ಮಾತನ್ನು ಅವನು ನಗಿಸಲು ಹೇಳಿದರೂ ಅದರಲ್ಲಿ ನಿಜವಿದೆ. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಶುರುಮಾಡದೆ ಇದ್ದಿದ್ದರೆ ಕನ್ನಡದಲ್ಲಿ ನಗೆಗೆರೆಗೆ ಅಂಥ ಮನೆಯೊಂದು ಸಿಗುತ್ತಿರಲಿಲ್ಲ. ಆರ್.ಕೆ. ಲಕ್ಷ್ಮಣ್ ಕೂಡ ತಮ್ಮ ಎಳೆಯ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದವರು.

ಎರಡನೆಯವಳು ಮಕ್ಕಳಿಗೆ ಕಾಮಿಕ್ಸ್ ಮಾಡುವವಳು. ಬಾಯಿ ತೆರೆಯಲಿಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಚೌಕ ಗೀಚಿ ಕೈಯಿಂದ ಕೈಗೆ ದಾಟಿಸಿದಳು. ಮೊದಲ ಚೌಕದಲ್ಲಿ ಎರಡು ಜಡೆಯ ಹುಡುಗಿ, ಕೆಳಗೆ ‘ಎತ್ತರ ಒಂದೂವರೆ ಇಂಚು, ಅಚ್ಚಾದಾಗ ಒಂದು ಇಂಚು’. ಎರಡನೆಯದರಲ್ಲಿ ಆಕೆಯ ಬಾಯಿಂದ ಮಾತಿನ ಬಲೂನು ಹೊರಟಿದೆ, ಅದರೊಳಗೆ ‘ಸ್ವಾತಂತ್ರ್ಯ’ ಎಂಬ ಒಂದೇ ಪದ. ಮೂರನೆಯದರಲ್ಲಿ ಒತ್ತಕ್ಷರಗಳು ಕಾಲು ಚಾಚಿ ಬಲೂನನ್ನೇ ಒಡೆದುಕೊಂಡು ಹುಡುಗಿಯ ನೆತ್ತಿಯ ಮೇಲೆ ಕುಳಿತಿವೆ. ನಾಲ್ಕನೆಯದರಲ್ಲಿ ಹುಡುಗಿ ಇಲ್ಲವೇ ಇಲ್ಲ, ಒತ್ತುಗಳ ರಾಶಿಯೊಳಗಿಂದ ಎರಡು ಜಡೆ ಮಾತ್ರ ಇಣುಕುತ್ತಿವೆ. ಕನ್ನಡದಲ್ಲಿ ಕಾಮಿಕ್ಸ್ ಮಾಡುವವರ ನಿತ್ಯದ ಪಾಡು ಇದು. ಸಾಲುಗಳ ನಡುವೆ ಒತ್ತಿಗೆ ಜಾಗ ಬಿಟ್ಟರೆ ಬಲೂನು ಮುಖವನ್ನು ನುಂಗುತ್ತದೆ, ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಷ್ಟೆಲ್ಲವನ್ನೂ ಒಂದು ಮಾತಿಲ್ಲದೆ ಹೇಳಿದಳಲ್ಲ, ನನಗೆ ಆ ಹಾಳೆಯನ್ನು ಹಿಂದಕ್ಕೆ ಕೊಡಲು ಮನಸ್ಸೇ ಬರಲಿಲ್ಲ.

ಕೊಪ್ಪಳದ ಕಡೆಯ ತೊಗಲುಗೊಂಬೆಯ ಗೆಳೆಯ ಅಷ್ಟರಲ್ಲಿ ರೈಲಿನ ಬಿಳಿ ಚಾದರವನ್ನು ಮೇಲಿನ ಬರ್ತಿನಿಂದ ಇಳಿಬಿಟ್ಟು ಮೊಬೈಲ್ ಟಾರ್ಚ್ ಹಚ್ಚಿದ್ದ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗೊಂಬೆಯನ್ನು ತೆಗೆಯುವಾಗ ನಾನು ಹತ್ತಿರದಿಂದ ಕಂಡೆ. ಹೆರೆದು ಹದಮಾಡಿದ ಆಡಿನ ಚರ್ಮ, ಕೈಯಲ್ಲಿ ಹಿಡಿದಾಗ ಮಂಕು ಕಂದು. ಬೆಳಕಿನ ಮುಂದೆ ಹಿಡಿದೊಡನೆ ಅದೇ ಚರ್ಮ ಕೆಂಡದಂತೆ ಹೊತ್ತಿಕೊಂಡಿತು, ಉಳಿಯಿಂದ ಕೊರೆದ ತೂತುಗಳು ಚಾದರದ ಮೇಲೆ ಚುಕ್ಕಿ ಚುಕ್ಕಿಯಾಗಿ ಬೆಳಗಿದವು. ದಪ್ಪ ತುಟಿ, ಕೆದರಿದ ಕೂದಲು: ಕಿಳ್ಳೇಕ್ಯಾತ! ತೊಗಲುಗೊಂಬೆಯಾಟದಲ್ಲಿ ಗಣಪತಿ, ಸರಸ್ವತಿಯರ ಸ್ತುತಿ ಮುಗಿದೊಡನೆ ಹೆಂಡತಿ ಬಂಗಾರಕ್ಕನ ಜೊತೆ ನುಗ್ಗಿಬಂದು ಮಂದಿಯನ್ನು ನಗಿಸುವವನು ಇವನೇ.

“ನಾ ಯಾರಂತ ಕೇಳ್ತೀರೇನ್ರೀ? ನನ್ನ ಆಡಸಾಂವನ್ನ ಕೇಳ್ರಿ. ಇಂವ ಹೆಣ್ಣ ನೋಡಾಕ ಹೋಗಿದ್ದ. ಹೆಣ್ಣಿನಪ್ಪ ಕೇಳಿದ, ಏನ್ ಉದ್ಯೋಗ ಮಾಡ್ತೀಯೋ ತಮ್ಮಾ? ಇಂವ ಅಂದ, ಊರೂರಿಗೆ ಹೋಗಿ ನೆಳ್ಳ ತೋರಸ್ತೀನ್ರಿ. ಹೆಣ್ಣಿನಪ್ಪ ಅಂದ, ಹಂಗಾರ ನಮ್ಮ ಹುಡುಗಿ ನೆಳ್ಳ ಕೊಡ್ತೀನಿ, ಚಾದರದಾಗ ಸುತಗೊಂಡು ಹೋಗು!”

ಪಕ್ಕದ ಬರ್ತಿನ ಅಜ್ಜಿಯೊಬ್ಬರು ಎದ್ದು ಕುಳಿತು, “ಆಮೇಲೆ ಮದುವೆ ಆಯ್ತಾ ಇಲ್ವಾ ಅದನ್ನ ಹೇಳಪ್ಪ” ಎಂದರು. ಆಯಿತಂತೆ. ಎರಡು ಮಕ್ಕಳೂ ಇವೆಯಂತೆ.

ಇವನ ಗುರುಗಳ ಸಾಲಿನಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಮೊದಲು ಬರುತ್ತದೆ. ತೊಂಬತ್ತು ದಾಟಿದ ಆ ತಾಯಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇವನು ನನಗೆ ಫೋನ್ ಮಾಡಿ, ಮಾತು ಬಾರದೆ ಸುಮ್ಮನೆ ಅತ್ತಿದ್ದ.

ಸೂತ್ರ-ಸಲಾಕೆ ಗೊಂಬೆಯವಳ ಸರದಿ ಕೊನೆಗೆ. ನಮ್ಮ ಕರ್ನಾಟಕದ ಈ ಬಗೆಯ ಗೊಂಬೆಯ ದಾರಗಳನ್ನು ಆಡಿಸುವವರ ತಲೆಯ ಮೇಲಿನ ಸಿಂಬಿಗೆ ಕಟ್ಟಿರುತ್ತಾರೆ, ಗೊಂಬೆಯ ಕೈಗಳನ್ನು ಸಲಾಕೆಯಿಂದ ಆಡಿಸುತ್ತಾರೆ. ಅವಳು ಸಿಂಬಿ ಹೊತ್ತು ನಿಂತಳು, ಮಾತಾಡಿದ್ದು ಅಜ್ಜಿ ಗೊಂಬೆ.

“ಇವಳು ನನ್ನನ್ನ ಆಡಿಸ್ತಾಳೆ ಅಂತಾರೆ ಎಲ್ಲ. ದಾರ ಕಟ್ಟಿರೋದು ಯಾರ ತಲೆಗೆ, ಕಣ್ಣುಬಿಟ್ಟು ನೋಡಿ! ಇವಳು ಹೂಂ ಅಂದ್ರೆ ನಾನು ಎಳೆದೆ ಅಂತ ಅರ್ಥ. ನಾನು ಪೆಟ್ಟಿಗೆಯಲ್ಲಿ ಮಲಗಿಕೊಂಡು ಪುಕ್ಕಟೆ ಬಂದೆ. ಇವಳು ಕೂತ್ಕೊಂಡು ಬರೋಕೆ ದುಡ್ಡು ಕೊಟ್ಟಿದ್ದಾಳೆ. ಮರದ ತಲೆ ಯಾರದು ಅಂತ ನೀವೇ ಹೇಳಿ.”

ನಕ್ಕು ನಕ್ಕು ಸುಸ್ತಾಗಿ ಮಲಗಿದೆವು. ಘಟ್ಟ ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಕುಂದಾಪುರದಲ್ಲಿ ಬನ್ಸ್, ಚಹಾ. ಅಲ್ಲಿಂದ ತಲ್ಲೂರಿನ ಹಾದಿಯಾಗಿ ಉಪ್ಪಿನಕುದ್ರು. ಸುತ್ತ ಹೊಳೆ, ತೆಂಗು, ಗದ್ದೆ. ದೇವಣ್ಣ ಪದ್ಮನಾಭ ಕಾಮತ್, ಅವರ ಮಗ ಕೊಗ್ಗ ಕಾಮತ್, ಈಗ ಭಾಸ್ಕರ ಕೊಗ್ಗ ಕಾಮತ್ ಎಂದು ತಲೆಮಾರಿನಿಂದ ತಲೆಮಾರಿಗೆ ಸೂತ್ರ ಕೈಬದಲಾದ ನೆಲ ಅದು. ಗೊಂಬೆಗಳು ಮೊಳದಷ್ಟೆತ್ತರ, ಆದರೆ ಬಡಗುತಿಟ್ಟಿನ, ಅಂದರೆ ಬಡಗು ಶೈಲಿಯ ಯಕ್ಷಗಾನದ, ವೇಷದಲ್ಲಿ ಏನೇನು ಉಂಟೋ ಅಷ್ಟೂ ಅವುಗಳ ಮೈಮೇಲೆ ಇದೆ: ಕೇದಗೆ ಮುಂದಲೆ, ಎದೆಕಟ್ಟು, ಭುಜಕೀರ್ತಿ.

ಆಟದಲ್ಲಿ ರಾವಣ ಬಂದ. ಕತ್ತು ಓರೆಮಾಡಿ, ಒಂದು ಕ್ಷಣ ತಡೆದು, ಚಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆಯಿಟ್ಟ. ಆ ತಡೆದ ಕ್ಷಣವನ್ನೇ ನಮ್ಮ ಕಾಮಿಕ್ಸ್‌ನವಳು ಚಿತ್ರಿಸಿಕೊಂಡಳು. ಸಲಾಕೆಯವಳು ಗೊಂಬೆಗಳನ್ನು ಬಿಟ್ಟು ದಾರಗಳನ್ನೇ ನೋಡುತ್ತಿದ್ದಳು, ಬೆರಳು ಮಡಿಲಲ್ಲೇ ಆಡುತ್ತಿತ್ತು. ರಾವಣ ತನ್ನ ಪೀಠಿಕೆ ಶುರುಮಾಡಿದಾಗ ನಾವೈವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾತ್ರಿ ರೈಲಿನಲ್ಲಿ ನಗೆಗೆಂದು ಆಡಿದ ಕ್ರಮ ಇಲ್ಲಿ ಪೂರ್ಣ ಗಾಂಭೀರ್ಯದಲ್ಲಿ ನಡೆಯುತ್ತಿತ್ತು.

ವಾಪಸು ಬರುವಾಗ ಇದರ ಮೇಲೆಯೇ ಜಗಳ ಹತ್ತಿತು. ತಾನು ಯಾರೆಂದು ಪಾತ್ರವೇ ಹೇಳಿಕೊಳ್ಳಬೇಕಾಗಿ ಬಂದರೆ ಗೆರೆ ಸೋತಂತೆ ಎಂಬುದು ಕಾರ್ಟೂನಿನವನ ವಾದ. “ಲಕ್ಷ್ಮಣರ ಕಾಮನ್ ಮ್ಯಾನ್ ಬಾಯಿಯನ್ನೇ ಬಿಡಲಿಲ್ಲ, ಅವನ ಗುರುತು ದೇಶಕ್ಕೇ ಸಿಗಲಿಲ್ಲವೇ?” ತೊಗಲಿನವನು ಒಪ್ಪಲಿಲ್ಲ. “ನಿನ್ನ ಓದುಗ ದಿನಾ ಮುಂಜಾನೆ ಅವನ್ನ ನೋಡ್ತಾನ. ನಮ್ಮ ಕಿಳ್ಳೇಕ್ಯಾತ ವರ್ಷಕ್ಕೊಮ್ಮೆ ಊರಿಗೆ ಬರಾಂವ, ಹೆಸರ ಹೇಳಬ್ಯಾಡೇನು?”

ನಾನು ತೊಗಲಿನವನ ಪಕ್ಷ. ರಾತ್ರಿಯೆಲ್ಲ ಕುಳಿತು ನೋಡುವ ಆಟದಲ್ಲಿ, ನಿದ್ದೆಯಿಂದ ಎದ್ದ ಮಗುವಿಗೂ ಬಂದವನು ಯಾರೆಂದು ತಿಳಿಯಬೇಕು. ಅದಕ್ಕಿಂತ ಮುಖ್ಯವಾಗಿ, ತನ್ನನ್ನು ತಾನು ಹೇಳಿಕೊಳ್ಳುವ ಆ ಹೊತ್ತಿನಲ್ಲೇ ನಮ್ಮ ಕಲಾವಿದರು ಅತಿ ಹೆಚ್ಚು ನಗಿಸುತ್ತಾರೆ, ಅತಿ ಹೆಚ್ಚು ನಿಜವನ್ನೂ ಹೇಳುತ್ತಾರೆ. ಸಾಲ, ಸಂಬಂಧ, ಸಂಭಾವನೆ, ಮೂಲೆಪಾಲಾಗುವ ಭಯ, ಇವನ್ನೆಲ್ಲ ಈ ನಾಲ್ವರು ಎದುರುಬದುರು ಕುಳಿತು ನೇರವಾಗಿ ಹೇಳಿಕೊಳ್ಳುತ್ತಿದ್ದರೇ? ಗೊಂಬೆಯೋ ಗೆರೆಯೋ ನಡುವೆ ಇದ್ದುದರಿಂದ ಹೇಳಿದರು.

ಕಾಮಿಕ್ಸ್‌ನವಳು ಎರಡೂ ಕಡೆ ಸೇರಲಿಲ್ಲ. ತನ್ನ ಮುಂದಿನ ಪುಸ್ತಕದ ಮೊದಲ ಪುಟದಲ್ಲಿ ಕಿಳ್ಳೇಕ್ಯಾತ ಬರುತ್ತಾನೆ, ಹೆಸರು ಹೇಳಲು ಬಾಯಿ ತೆರೆಯುತ್ತಾನೆ, ಮಿಕ್ಕದ್ದನ್ನು ಮೋರನಾಳಕ್ಕೆ ಹೋಗಿ ಅವರ ಆಟ ನೋಡಿದ ಮೇಲೆ ತೀರ್ಮಾನಿಸುತ್ತೇನೆ ಎಂದಳು. ತೊಗಲಿನವನು ಆಗಲೇ ಕೊಪ್ಪಳಕ್ಕೆ ಯಾವ ರೈಲು ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದ.